ನಂದಿಯ ಕಿವಿಯಿಂದ ಚತುರ್ಯುಗದವರೆಗೆ

ಮೈಸೂರಿನಲ್ಲಿ ಬೆಳಿಗ್ಗೆ ಹತ್ತೂಕಾಲು, ಮೆಲ್ಬರ್ನಿನಲ್ಲಿ ಮಧ್ಯಾಹ್ನ ಎರಡೂಮುಕ್ಕಾಲು. ಅಮ್ಮ ಅಪ್ಪನ ಆಂಜಿಯೋಗ್ರಾಂ ವರದಿಯನ್ನು ಊಟದ ಮೇಜಿನ ಮೇಲೆ ಹರವಿ, ಫೋಟೋ ತೆಗೆದು, ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಳು. ಕೆಳಗೆ ಒಂದೇ ಸಾಲು: "ಎಲ್ಲರೂ ದೇವರಲ್ಲಿ ಬೇಡಿಕೊಳ್ಳಿ." ಅದಾಗಿ ನಲವತ್ತು ನಿಮಿಷವಾಗಿತ್ತು. ನಾನು ಗ್ಲೆನ್ ವೇವರ್ಲಿಯಲ್ಲಿ, ಕಿಂಗ್ಸ್‌ವೇ ರಸ್ತೆಯ ಹತ್ತಿರದ ತರಕಾರಿ ಅಂಗಡಿಯಲ್ಲಿ, ಬೆಂಡೆಕಾಯಿ ಆರಿಸುತ್ತಾ ನಿಂತಿದ್ದೆ. ಪರಿಚಯದ ಕನ್ನಡದವರೊಬ್ಬರು ಬಂದು ಕೈ ಹಿಡಿದುಕೊಂಡರು. "ಅಪ್ಪಾಜಿಗೆ ಮೂರು ಕಡೆ ಬ್ಲಾಕ್ ಅಂತಲ್ಲಮ್ಮಾ? ಧೈರ್ಯವಾಗಿರು. ನಾನೂ ರಾಯರಿಗೆ ಹೇಳ್ಕೊಂಡಿದೀನಿ."

ನನ್ನ ಫೋನು ಇನ್ನೂ ಚೀಲದಲ್ಲೇ ಇತ್ತು. ಅಪ್ಪನ ಎದೆಯಲ್ಲಿ ಎಷ್ಟು ಕಡೆ ರಕ್ತ ಕಟ್ಟಿದೆ ಎಂಬುದು ಮಗಳಿಗಿಂತ ಮೊದಲು ತರಕಾರಿ ಅಂಗಡಿಗೆ ಗೊತ್ತಾಗಿತ್ತು.

ಮೈಸೂರಿಗೂ ಮೆಲ್ಬರ್ನಿಗೂ ನೇರ ಗೆರೆ ಎಳೆದರೆ ಸುಮಾರು 9,000 ಕಿಲೋಮೀಟರ್. ಸುದ್ದಿ ಅದನ್ನು ನಲವತ್ತು ನಿಮಿಷದಲ್ಲಿ ದಾಟಿತ್ತು, ಅಂದರೆ ಗಂಟೆಗೆ 13,500 ಕಿಲೋಮೀಟರ್ ವೇಗ. ನನ್ನನ್ನು ಇಲ್ಲಿಗೆ ಕರೆತಂದ ವಿಮಾನ ಗಂಟೆಗೆ 900 ಕಿಲೋಮೀಟರ್ ಹಾರುತ್ತಿತ್ತು. ಅಪ್ಪನ ಹೃದಯದ ಗುಟ್ಟು ವಿಮಾನಕ್ಕಿಂತ ಹದಿನೈದು ಪಟ್ಟು ಜೋರಾಗಿ ಬಂದಿತ್ತು, ಅದೂ ದಾರಿಯಲ್ಲಿ ನಾಲ್ಕು ಮನೆ ಇಳಿದು, ನಾಲ್ಕು ಗುಂಪು ಹತ್ತಿ. ಅದೇ ವೇಗದಲ್ಲಿ ಹೊರಟರೆ ಮೂರು ಗಂಟೆಯೊಳಗೆ ಭೂಮಿಯನ್ನೇ ಒಂದು ಸುತ್ತು ಹಾಕಿ ಮತ್ತೆ ಅಮ್ಮನ ಊಟದ ಮೇಜಿಗೆ ಬಂದು ಕೂರಬಹುದು.

ಅಮ್ಮನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳು ವರದಿ ಹಂಚಿರಲಿಲ್ಲ, ಹರಕೆ ಹೊರಲು ಜನ ಕೂಡಿಸುತ್ತಿದ್ದಳು. ಜನ ಕೂಡಿದ್ದೂ ನಿಜ. ಸಂಜೆಯೊಳಗೆ 212 ಉತ್ತರ ಬಂದಿದ್ದವು. ಒಬ್ಬರು ಧರ್ಮಸ್ಥಳಕ್ಕೆ ಮುಡಿಪು ಕಟ್ಟಿದ್ದರು, ಇನ್ನೊಬ್ಬರು ನಂಜನಗೂಡಿನಲ್ಲಿ ಉರುಳುಸೇವೆ ಮಾಡಿಸುತ್ತೇವೆಂದು ಹೇಳಿಕೊಂಡಿದ್ದರು. ಸಿಡ್ನಿಯಲ್ಲಿರುವ ಚಿಕ್ಕಮ್ಮನ ಮಗ ಹೆಲೆನ್ಸ್‌ಬರ್ಗ್ ವೆಂಕಟೇಶ್ವರನಿಗೆ ಅರ್ಚನೆ ಬರೆಸಿದ್ದ. ಇನ್ನೂರ ಹನ್ನೆರಡು ಜನ ಒಂದೇ ದಿನ ಅಪ್ಪನ ಹೆಸರು ಹಿಡಿದು ಬೇಡಿಕೊಂಡಿದ್ದರು. ನಮ್ಮ ತಾತನಿಗೆ ಕಾಯಿಲೆಯಾದಾಗ ಹಾಗೆ ಬೇಡಿಕೊಂಡವರು ಅಜ್ಜಿ ಮತ್ತು ಅಗ್ರಹಾರದ ಮೂರು ಮನೆಯವರು ಮಾತ್ರ.

ಆ ದಿನದಿಂದ ನನಗೆ ಎಣಿಕೆಯ ಹುಚ್ಚು ಹಿಡಿಯಿತು. ಇಂಟರ್ನೆಟ್ಟು ನಮ್ಮ ದೇವರನ್ನೂ ನಮ್ಮ ಕಾಯಿಲೆಯನ್ನೂ ಎಷ್ಟೆಷ್ಟು ದೊಡ್ಡದು ಮಾಡಿದೆ ಎಂದು ಲೆಕ್ಕ ಹಾಕುತ್ತಾ ಹೋದೆ. ಒಂದೊಂದು ಲೆಕ್ಕವನ್ನೂ ನಂಬಲಾಗದೆ ಎರಡೆರಡು ಸಲ ಗುಣಿಸಿದ್ದೇನೆ.

ಉಡುಪಿಯಿಂದ ಶುರು ಮಾಡೋಣ. ಕೃಷ್ಣನನ್ನು ನೋಡಲು ಅಲ್ಲಿರುವ ನವಗ್ರಹ ಕಿಂಡಿಗೆ ಒಂಬತ್ತು ತೂತು. ಶತಮಾನಗಳಿಂದ ಭಕ್ತರು ಆ ಒಂಬತ್ತರಲ್ಲೇ ಬಗ್ಗಿ ನೋಡಿ ಧನ್ಯರಾಗಿದ್ದಾರೆ. ಈಗ ನನ್ನ ಕೈಯಲ್ಲಿರುವ ಸಾಧಾರಣ ಫೋನಿನ ಪರದೆಯಲ್ಲಿ ಅಡ್ಡಕ್ಕೆ 1,080, ಉದ್ದಕ್ಕೆ 2,400 ಬೆಳಕಿನ ಚುಕ್ಕಿ. ಗುಣಿಸಿದರೆ 25,92,000. ಒಂಬತ್ತು ತೂತಿನ ಕಿಂಡಿಗಳನ್ನೇ ಜೋಡಿಸುತ್ತಾ ಹೋದರೆ ಅಷ್ಟು ಚುಕ್ಕಿಗೆ 2,88,000 ಕಿಂಡಿ ಬೇಕು. ಉಡುಪಿಯ ಕಿಂಡಿಯ ಮುಂದೆ ಸರದಿಯಲ್ಲಿ ನಿಲ್ಲಬೇಕು. ಈ ಕಿಂಡಿ ಗ್ಲೆನ್ ವೇವರ್ಲಿ ರೈಲಿನ ಕೊನೆಯ ನಿಲ್ದಾಣದಲ್ಲಿ, ಚಳಿಗೆ ಕೈಗವಸು ಹಾಕಿ ನಿಂತವಳ ಅಂಗೈಯಲ್ಲೂ ತೆರೆದುಕೊಳ್ಳುತ್ತದೆ. ಕೃಷ್ಣ ಅಲ್ಲಿಂದ 9,200 ಕಿಲೋಮೀಟರ್ ದೂರ.

ಆ ಕಿಂಡಿಯ ಬೆಲೆ ನಮಗೆ ಗೊತ್ತಾಗಿದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚಿನಿಂದ 2021ರ ಅಕ್ಟೋಬರ್ ನಡುವೆ ಮೆಲ್ಬರ್ನಿಗೆ ಆರು ಸಲ ಬೀಗ ಬಿತ್ತು, ಒಟ್ಟು 262 ದಿನ. ದಿನಕ್ಕೆ ಮೂರು ಸಂಧ್ಯಾವಂದನೆಯಂತೆ ಎಣಿಸಿದರೆ 786. ಅತಿ ಬಿಗಿಯಾದ ವಾರಗಳಲ್ಲಿ ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿರಲಿಲ್ಲ. ನಕ್ಷೆಯಲ್ಲಿ ಆ ವೃತ್ತ ಎಳೆದು ನೋಡಿದ್ದು ನೆನಪಿದೆ: ಎಪ್ಪತ್ತೆಂಟೂವರೆ ಚದರ ಕಿಲೋಮೀಟರ್. ಭೂಮಿಯನ್ನು 65 ಲಕ್ಷ ತುಂಡು ಮಾಡಿದರೆ ಅದರಲ್ಲಿ ಒಂದು ತುಂಡು. ಕ್ಯಾರಮ್ ಡೌನ್ಸ್‌ನ ಶಿವ-ವಿಷ್ಣು ದೇವಸ್ಥಾನ ಇಪ್ಪತ್ತು ಕಿಲೋಮೀಟರಿಗೂ ಆಚೆ, ದಿ ಬೇಸಿನ್‌ನ ವಕ್ರತುಂಡ ವಿನಾಯಕ ಹನ್ನೆರಡಕ್ಕೂ ಆಚೆ. ಎರಡು ದೇವಸ್ಥಾನವೂ ವೃತ್ತದ ಹೊರಗೆ. ಅದೇ ಹೊತ್ತಿಗೆ ನನ್ನ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನಕಾಯಿ ಜಾಡಿಗೆ ಒರಗಿಸಿಟ್ಟ ಫೋನಿನಲ್ಲಿ, ಮಂತ್ರಾಲಯದ ಮಂಗಳಾರತಿ ಬೆಳಗುತ್ತಿತ್ತು. ನಡೆದಾಡಲು ಐದು ಕಿಲೋಮೀಟರ್, ನೋಡಲು ಒಂಬತ್ತು ಸಾವಿರ. ಕಾಲಿಗಿಂತ ಕಣ್ಣು ಸಾವಿರದೆಂಟುನೂರು ಪಟ್ಟು ಮುಂದೆ ಹೋಗಿತ್ತು.

2021ರ ಮೇ ತಿಂಗಳಲ್ಲಿ ಇನ್ನೂ ಕಷ್ಟದ ದಿನ ಬಂತು. ಭಾರತದಿಂದ ಹೊರಟ ಆಸ್ಟ್ರೇಲಿಯದ ಪ್ರಜೆ ತನ್ನದೇ ದೇಶಕ್ಕೆ ಕಾಲಿಟ್ಟರೆ ಐದು ವರ್ಷದವರೆಗೆ ಸೆರೆ ಅಥವಾ 66,600 ಡಾಲರ್ ದಂಡ ಎಂಬ ಆಜ್ಞೆ ಹೊರಟಿತ್ತು. ಆ ವಾರಗಳಲ್ಲಿ ನಮ್ಮ ಬೀದಿಯಲ್ಲೇ ಒಬ್ಬರು ತಾಯಿಯ ಅಂತ್ಯಸಂಸ್ಕಾರವನ್ನು ವಿಡಿಯೋ ಕರೆಯಲ್ಲಿ ನೋಡಿದರು. ಪುರೋಹಿತರು ಅಲ್ಲಿ ಮಂತ್ರ ಹೇಳಿದರು, ಇವರು ಇಲ್ಲಿ ಒದ್ದೆ ಪಂಚೆಯಲ್ಲಿ ನಿಂತು ನೀರು ಬಿಟ್ಟರು. ಇದಕ್ಕೆ ಹೋಲಿಕೆಯ ಸಂಖ್ಯೆ ನನ್ನಲ್ಲಿಲ್ಲ.

ಭಕ್ತರ ಎಣಿಕೆಗೆ ಬನ್ನಿ. ಆಸ್ಟ್ರೇಲಿಯದ ಜನಗಣತಿಯಲ್ಲಿ 2016ರಲ್ಲಿ ಹಿಂದೂಗಳು 4,40,300. 2021ರಲ್ಲಿ 6,84,002. ಐದು ವರ್ಷದಲ್ಲಿ ಎರಡು ಲಕ್ಷ ನಲವತ್ತಮೂರು ಸಾವಿರಕ್ಕೂ ಹೆಚ್ಚು, ಅಂದರೆ ದಿನಾ 133 ಜನ, ನಸುಕಿನಲ್ಲೂ ನಡುರಾತ್ರಿಯಲ್ಲೂ ಗಂಟೆಗೆ ಐದಕ್ಕಿಂತ ಹೆಚ್ಚು. ಅಷ್ಟು ಬೇಗ ಗೋಪುರ ಕಟ್ಟುವ ಶಿಲ್ಪಿ ಯಾವ ಊರಿನಲ್ಲೂ ಇಲ್ಲ. ಹೀಗಾಗಿ ಗರ್ಭಗುಡಿ ಜೇಬಿಗೆ ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ, ಸಂತೋಷವಿದೆ.

ಪುತ್ತಿಗೆ ಮಠದ ಕೋಟಿ ಗೀತಾ ಲೇಖನ ಯಜ್ಞ ಇನ್ನೂ ದೊಡ್ಡ ಲೆಕ್ಕ. ಒಂದು ಕೋಟಿ ಜನರ ಕೈಯಲ್ಲಿ ಭಗವದ್ಗೀತೆಯನ್ನು ಬರೆಸುವ ಸಂಕಲ್ಪವದು. ದೇಶವಿದೇಶದವರು ಕೂತಲ್ಲೇ ಫೋನಿನಲ್ಲಿ ಹೆಸರು ನೋಂದಾಯಿಸಿದರು. ಏಳುನೂರು ಶ್ಲೋಕ, ಒಂದು ಕೋಟಿ ಕೈ, ಒಟ್ಟು 700 ಕೋಟಿ ಶ್ಲೋಕ. ಶ್ಲೋಕಕ್ಕೆ ಮೂವತ್ತೆರಡು ಅಕ್ಷರ, ಅಕ್ಷರಕ್ಕೆ ಒಂದು ಸೆಂಟಿಮೀಟರ್ ಎಂದು ಹಿಡಿಯಿರಿ. ಸಾಲು 22 ಲಕ್ಷ 40 ಸಾವಿರ ಕಿಲೋಮೀಟರ್ ಉದ್ದವಾಗುತ್ತದೆ. ಭೂಮಿಗೆ 55 ಸುತ್ತು ಸುತ್ತಿದರೂ ಮಿಗುತ್ತದೆ. ಚಂದ್ರನಿಗೆ ಎರಡು ಸಲ ಹೋಗಿ ಬಂದು, ಮೂರನೆಯ ಸಲವೂ ಹೋಗಿ, ವಾಪಸಾಗುವ ದಾರಿಯ ಮುಕ್ಕಾಲು ಪಾಲು ದಾಟುತ್ತದೆ. ಶ್ಲೋಕಕ್ಕೆ ಮೂರು ನಿಮಿಷದಂತೆ ಒಬ್ಬನೇ ಕೂತು ಇಷ್ಟನ್ನೂ ಬರೆಯುವುದಾದರೆ ಊಟ ನಿದ್ದೆ ಬಿಟ್ಟರೂ ಸುಮಾರು 40,000 ವರ್ಷ.

ನಲವತ್ತು ಸಾವಿರ ಹೆಚ್ಚಾಯಿತೆನ್ನುವವರು ಹನುಮಾನ್ ಚಾಲೀಸಾ ನೋಡಬೇಕು. ಹರಿಹರನ್ ಹಾಡಿದ, 2011ರಲ್ಲಿ ಯೂಟ್ಯೂಬಿಗೆ ಏರಿದ ಆ ಒಂದು ವಿಡಿಯೋ 2025ರಲ್ಲಿ 500 ಕೋಟಿ ವೀಕ್ಷಣೆ ದಾಟಿತು. ಅದರ ಉದ್ದ ಒಂಬತ್ತೂವರೆ ನಿಮಿಷಕ್ಕೂ ಮಿಕ್ಕಿದ್ದು. ಪ್ರತಿ ಸಲವೂ ಪೂರ್ತಿ ಕೇಳಿದ್ದಾರೆಂದುಕೊಂಡರೆ ಕೇಳಿದ ಕಾಲವನ್ನೆಲ್ಲ ಸಾಲಾಗಿ ಜೋಡಿಸಿದಾಗ 90,000 ವರ್ಷ. ನಾನಿರುವ ಈ ಖಂಡಕ್ಕೆ ಮೊದಲ ಮನುಷ್ಯರು ಕಾಲಿಟ್ಟದ್ದು ಸುಮಾರು 65,000 ವರ್ಷದ ಹಿಂದೆ. ಅವರು ಬರುವುದಕ್ಕೂ ಇಪ್ಪತ್ತೈದು ಸಾವಿರ ವರ್ಷ ಮೊದಲೇ ಒಬ್ಬ ಹನುಮಭಕ್ತ ಇಲ್ಲಿ ಕೂತು ಕೇಳಲು ಶುರು ಮಾಡಿದ್ದರೆ, ಈಗ ಮುಗಿಸಿ ಏಳುತ್ತಿದ್ದ.

ಇಷ್ಟು ಅಗಲದ ಬಾಗಿಲು ತೆರೆದಿರುವಾಗ ಒಳಗೆ ಬರುವುದು ದೇವರೊಬ್ಬನೇ ಅಲ್ಲ. ಅಪ್ಪನ ಆಂಜಿಯೋಗ್ರಾಂ ಹೊರಗೆ ಹೋದದ್ದೂ ಇದೇ ಬಾಗಿಲಿನಿಂದ.

2020ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯ ಸರ್ಕಾರ ಕೋವಿಡ್‌ಸೇಫ್ ಎಂಬ ಆ್ಯಪ್ ತಂದಿತು. ಎಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಇಳಿಸಿಕೊಂಡರು. ತಮ್ಮ ಮಾಹಿತಿ ಬಳಸಲು ಒಪ್ಪಿದವರು ಮಾತ್ರ 800ಕ್ಕೂ ಕಡಿಮೆ. ಎರಡು ವರ್ಷದ ಮೇಲೆ ಅದನ್ನು ಮುಚ್ಚುವಾಗ ಆರೋಗ್ಯ ಸಚಿವರು ಲೆಕ್ಕ ಕೊಟ್ಟರು: ಖರ್ಚು 2.1 ಕೋಟಿ ಡಾಲರ್, ಬೇರೆ ದಾರಿಯಲ್ಲಿ ಸಿಗದ ಸೋಂಕಿತರನ್ನು ಅದು ಹುಡುಕಿಕೊಟ್ಟದ್ದು ಎರಡು. ಎರಡು ಲಕ್ಷವಲ್ಲ, ಇಬ್ಬರೇ ಇಬ್ಬರು. ತಲೆಗೆ ಒಂದು ಕೋಟಿ ಐದು ಲಕ್ಷ ಡಾಲರ್. ಜನ ತಮ್ಮ ಮೈಯ ಸುದ್ದಿಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಅಳತೆ ನಾನು ಕಂಡಿಲ್ಲ. ಅದಕ್ಕೂ ಮುಂಚೆ, ಎಲ್ಲರ ಆರೋಗ್ಯ ದಾಖಲೆಯನ್ನೂ ಒಂದೆಡೆ ಕೂಡಿಸುವ ಮೈ ಹೆಲ್ತ್ ರೆಕಾರ್ಡ್ ಯೋಜನೆಗೆ, 2019ರ ಜನವರಿ 31ರ ಗಡುವಿನೊಳಗೆ, ಬೇಡವೆಂದು ಬರೆದುಕೊಟ್ಟವರು 25 ಲಕ್ಷ. ಒಬ್ಬೊಬ್ಬರಿಗೆ ಒಂದು ಮೀಟರಿನಂತೆ ಸಾಲು ನಿಲ್ಲಿಸಿದರೆ ಮೆಲ್ಬರ್ನಿನಲ್ಲಿ ಶುರುವಾದ ಸಾಲು ಖಂಡವನ್ನೇ ಅಡ್ಡ ಹಾಯ್ದು ಪರ್ತ್‌ನ ಹತ್ತಿರ ಹೋಗಿ ಮುಗಿಯುತ್ತದೆ.

ಮುಷ್ಟಿ ಎಷ್ಟು ಬಿಗಿಯಾಗಿದ್ದರೇನು, ಕನ್ನ ಬೇರೆ ಕಡೆಯಿಂದ ಬಿತ್ತು.

2022ರ ಅಕ್ಟೋಬರ್‌ನಲ್ಲಿ ಮೆಡಿಬ್ಯಾಂಕ್ ಎಂಬ ಆರೋಗ್ಯ ವಿಮಾ ಕಂಪನಿಯ ಕಡತಗಳು ಕಳ್ಳರ ಕೈ ಸೇರಿದವು. ಹಾಲಿ, ಮಾಜಿ ಗ್ರಾಹಕರೆಲ್ಲ ಸೇರಿ 97 ಲಕ್ಷ. ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಹಿಡಿಸುವುದು ಒಂದು ಲಕ್ಷ ಜನ. ಬಾಕ್ಸಿಂಗ್ ಡೇ ದಿನ ಅದು ತುಂಬಿ ಮೊರೆಯುವುದನ್ನು ಕಂಡವರು, ಅದನ್ನು ತೊಂಬತ್ತೇಳು ಸಲ ತುಂಬಿಸಿ ಖಾಲಿ ಮಾಡಿದಂತೆ ಊಹಿಸಿಕೊಳ್ಳಲಿ. 2011ರ ಗಣತಿಯಲ್ಲಿ ಇಡೀ ಬೆಂಗಳೂರು ನಗರ ಸೇರಿಸಿದರೂ 84 ಲಕ್ಷವಿತ್ತು. ಅಮ್ಮ ಮಾಡಿದ್ದಕ್ಕೂ ಒಂದು ಲೆಕ್ಕವಿದೆ. ವಾಟ್ಸ್ಆ್ಯಪ್ಪಿನಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಮುಂದಕ್ಕೆ ಕಳಿಸಬಹುದು. ಒಬ್ಬರು ಐವರಿಗೆ, ಆ ಐವರು ತಲಾ ಐವರಿಗೆ ಎಂದು ಹತ್ತು ಹೆಜ್ಜೆ ಹೋದರೆ ಹತ್ತನೆಯದರಲ್ಲೇ ತಲುಪುವವರು 97,65,625. ಕಳ್ಳರು ಕದ್ದಷ್ಟೇ ದೊಡ್ಡ ಊರಿಗೆ ಬರೀ ಹತ್ತು ಹೆಜ್ಜೆ! ಈ ಲೆಕ್ಕ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಳ್ಳರು ಕೇಳಿದ್ದು 97 ಲಕ್ಷ ಅಮೆರಿಕನ್ ಡಾಲರ್, ತಲೆಗೊಂದು ಡಾಲರ್. ಆಗಿನ ದರದಲ್ಲಿ ಎಂಬತ್ತು ಚಿಲ್ಲರೆ ರೂಪಾಯಿ, ಮೈಸೂರಿನಲ್ಲಿ ಒಂದು ಮಸಾಲೆ ದೋಸೆಯ ದುಡ್ಡು. ಕಂಪನಿ ಕೊಡಲಿಲ್ಲ. ಗರ್ಭಪಾತ ಮಾಡಿಸಿಕೊಂಡವರು, ಕುಡಿತ ಬಿಡಲು ಆಸ್ಪತ್ರೆ ಸೇರಿದವರು, ಇಂಥವರ ಪಟ್ಟಿಯನ್ನೇ ಕಳ್ಳರು ಆರಿಸಿ ಮೊದಲು ಬಯಲಿಗೆ ಹಾಕಿದರು. ಆರೋಗ್ಯದ ವಿವರವೇ ಹೊರಬಿದ್ದವರು ಸುಮಾರು 4 ಲಕ್ಷ 80 ಸಾವಿರ. ಒಬ್ಬೊಬ್ಬರ ಹಿಂದೆಯೂ ಒಂದು ಮನೆಯಿದೆ, ಆ ಮನೆಯಲ್ಲಿ ಯಾರಿಗೂ ಹೇಳದ ಒಂದು ಮಾತಿದೆ.

ದಂಡದ ಲೆಕ್ಕ ಬೇರೆಯೇ. ಆಸ್ಟ್ರೇಲಿಯದ ಖಾಸಗಿ ಮಾಹಿತಿ ಆಯುಕ್ತರ ಕಚೇರಿ 2024ರ ಜೂನ್‌ನಲ್ಲಿ ಈ ವಿಷಯವನ್ನು ಫೆಡರಲ್ ನ್ಯಾಯಾಲಯಕ್ಕೆ ಒಯ್ದಿತು. ಕಳುವಾದಾಗಿನ ಕಾನೂನಿನ ಪ್ರಕಾರ ಒಂದು ತಪ್ಪಿಗೆ ಗರಿಷ್ಠ ದಂಡ 22 ಲಕ್ಷ 20 ಸಾವಿರ ಡಾಲರ್. ಒಬ್ಬೊಬ್ಬ ಗ್ರಾಹಕನಿಗೂ ಒಂದೊಂದು ತಪ್ಪೆಂದು ಎಣಿಸಿದರೆ ಮೊತ್ತ ಇಪ್ಪತ್ತೊಂದೂವರೆ ಲಕ್ಷ ಕೋಟಿ ಡಾಲರ್! ಯಾವ ನ್ಯಾಯಾಧೀಶರೂ ಅಷ್ಟು ಹಾಕುವುದಿಲ್ಲ, ಇದು ಕಾಗದದ ಮೇಲಿನ ತುತ್ತತುದಿ. ಆದರೂ ನೋಡಿ. ನೂರು ಡಾಲರಿನ ನೋಟು ಹದಿನಾರು ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ಆ ನೋಟುಗಳನ್ನು ತುದಿಗೆ ತುದಿ ಹಚ್ಚಿದರೆ ಭೂಮಿಗೆ ಸುಮಾರು 850 ಸುತ್ತು, ಚಂದ್ರನಿಗೆ ನಲವತ್ತನಾಲ್ಕು ಸಲ ಹೋಗಿಬರುವ ದಾರಿ. ಡಾಲರಿಗೆ 55 ರೂಪಾಯಿಯಂತೆ ಹಿಡಿದು ಕರ್ನಾಟಕದ 2025–26ರ ಬಜೆಟ್ಟಿನಿಂದ, ಅಂದರೆ 4.09 ಲಕ್ಷ ಕೋಟಿಯಿಂದ, ಭಾಗಿಸಿದೆ. 289 ವರ್ಷ ರಾಜ್ಯ ನಡೆಸಬಹುದು. ಹೈದರಾಲಿ ಮೈಸೂರಿನ ಅಧಿಕಾರ ಹಿಡಿಯುವುದಕ್ಕೂ ಎರಡೂವರೆ ದಶಕ ಹಿಂದಿನಿಂದ ಇವತ್ತಿನವರೆಗೆ.

ಮೆಡಿಸೆಕ್ಯೂರ್ ಎಂಬ ಹೆಸರನ್ನು ಇಲ್ಲಿನವರಲ್ಲೇ ಹೆಚ್ಚಿನವರು ಕೇಳಿರಲಿಲ್ಲ. ವೈದ್ಯರು ಕಂಪ್ಯೂಟರಿನಲ್ಲಿ ಬರೆದ ಔಷಧದ ಚೀಟಿಯನ್ನು ಔಷಧದ ಅಂಗಡಿಗೆ ತಲುಪಿಸುತ್ತಿದ್ದ ಸಂಸ್ಥೆ ಅದು. 2024ರಲ್ಲಿ ಅದರ ಕಡತ ಕಳುವಾದಾಗ ಎಣಿಕೆ 1 ಕೋಟಿ 29 ಲಕ್ಷ ಜನ. ದೇಶದ ಜನಸಂಖ್ಯೆಯೇ ಆಗ 2.7 ಕೋಟಿ. ಗ್ಲೆನ್ ವೇವರ್ಲಿಯ ಸುಮಾರು 42,000 ಜನರಿಗೆ ಅದೇ ಸರಾಸರಿ ಹಾಕಿದರೆ ಇಪ್ಪತ್ತು ಸಾವಿರ. ಕಿಂಗ್ಸ್‌ವೇಯಲ್ಲಿ ನಡೆಯುವಾಗ ಎದುರಾಗುವ ಎರಡು ಮುಖದಲ್ಲಿ ಒಂದು ಅದರಲ್ಲಿದೆ: ಮಧುಮೇಹದ ಮಾತ್ರೆ ನುಂಗುವವರು, ಮನಸ್ಸಿನ ಬೇಗೆಗೆ ಮದ್ದು ತೆಗೆದುಕೊಳ್ಳುವವರು, ಮಗುವಿಗಾಗಿ ಚುಚ್ಚುಮದ್ದು ಹಾಕಿಸಿಕೊಳ್ಳುವವರು. ಯಾರ್ಯಾರದು ಹೋಗಿದೆ ಎಂದು ಒಬ್ಬೊಬ್ಬರಿಗೂ ತಿಳಿಸಲು ಆಗಲಿಲ್ಲ. ಸಂಸ್ಥೆಯೇ ಮುಳುಗಿತು.

ಈ 1 ಕೋಟಿ 29 ಲಕ್ಷ ಹೆಸರುಗಳನ್ನು ವಿಷ್ಣು ಸಹಸ್ರನಾಮದ ಗತಿಯಲ್ಲಿ, ಅರ್ಧ ಗಂಟೆಗೆ ಸಾವಿರದಂತೆ, ಒಬ್ಬರು ಓದಿಕೊಂಡು ಹೋಗುತ್ತಾರೆನ್ನಿ. 12,900 ಸಹಸ್ರನಾಮವಾಗುತ್ತದೆ. ಹಗಲೂ ರಾತ್ರಿ ನಿಲ್ಲಿಸದೆ ಓದಿದರೆ 268 ದಿನಕ್ಕೂ ಹೆಚ್ಚು. ಮೆಲ್ಬರ್ನಿಗೆ ಬೀಗ ಬಿದ್ದಿದ್ದು 262 ದಿನ, ಅಷ್ಟರಲ್ಲೂ ಓದಿ ಮುಗಿಯದು. ಕಳುವಾದ ಕಡತದ ತೂಕ ಆರೂವರೆ ಟೆರಾಬೈಟ್. ಕನ್ನಡದ ಒಂದು ಪುಟಕ್ಕೆ ಆರು ಕಿಲೋಬೈಟ್ ಎಂದು ಹಿಡಿದು ಭಾಗಿಸಿದಾಗ ಬಂದ ಸಂಖ್ಯೆ ಕಂಡು ಮೈ ಜುಮ್ಮೆಂದಿತು: 108 ಕೋಟಿ ಪುಟ. ಹಾಳೆಯ ಒಂದೇ ಬದಿಗೆ ಅಚ್ಚು ಹಾಕಿ ಒಂದರ ಮೇಲೊಂದು ಪೇರಿಸಿದರೆ 108 ಕಿಲೋಮೀಟರ್ ಎತ್ತರ. ಹನ್ನೆರಡು ಎವರೆಸ್ಟ್ ನಿಲ್ಲಿಸಿದರೂ ಅದರ ತುದಿ ಮುಟ್ಟದು. ನೂರನೆಯ ಕಿಲೋಮೀಟರಿನಲ್ಲೇ ಬಾಹ್ಯಾಕಾಶದ ಗಡಿ ದಾಟಿರುತ್ತದೆ. ನಾವು ಜಪಕ್ಕೆ ಎಣಿಸುವ ಅದೇ ನೂರೆಂಟು.

ಊರಿನ ಕಡೆ ತಿರುಗಿದರೆ ಆಸ್ಟ್ರೇಲಿಯ ಚಿಕ್ಕದಾಗಿಬಿಡುತ್ತದೆ. 2023ರ ಅಕ್ಟೋಬರ್‌ನಲ್ಲಿ 81.5 ಕೋಟಿ ಭಾರತೀಯರ ಆಧಾರ್, ಪಾಸ್‌ಪೋರ್ಟ್ ವಿವರ ಮಾರಾಟಕ್ಕಿದೆ ಎಂದು ಅಮೆರಿಕದ ಭದ್ರತಾ ಸಂಸ್ಥೆಯೊಂದು ಹೊರಗೆಡಹಿತು. ಕೋವಿಡ್ ಪರೀಕ್ಷೆಯ ಹೊತ್ತಿನಲ್ಲಿ ಐಸಿಎಂಆರ್ ಕೂಡಿಸಿದ್ದ ವಿವರಗಳಿಂದ ಅದು ಸೋರಿರಬೇಕೆಂದು ಪತ್ರಿಕೆಗಳು ಬರೆದವು. ಮೆಲ್ಬರ್ನ್ ಮೈದಾನವನ್ನು ದಿನಕ್ಕೊಂದು ಸಲ ತುಂಬಿಸಿದರೆ ಇಷ್ಟು ಜನರನ್ನು ಕೂರಿಸಲು ಇಪ್ಪತ್ತೆರಡು ವರ್ಷ ಬೇಕು. ಮಾರುವವನು ಒಟ್ಟಿಗೆ ಕೇಳಿದ್ದು 80,000 ಡಾಲರ್. ತಲೆಗೆ ಭಾಗಿಸಿದರೆ ಒಂದು ಪೈಸೆಯೂ ಬರುವುದಿಲ್ಲ. ಇಲ್ಲಿ ಒಬ್ಬರ ಗುಟ್ಟಿಗೆ ಒಂದು ಮಸಾಲೆ ದೋಸೆ, ಅಲ್ಲಿ ಒಬ್ಬರ ಗುಟ್ಟಿಗೆ ಮುಕ್ಕಾಲು ಪೈಸೆ! ಮೈಸೂರಿನಲ್ಲಿ ಸಾಲಾಗಿ ನಿಂತು ಮೂಗಿಗೆ ಕಡ್ಡಿ ಹಾಕಿಸಿಕೊಂಡ ಅಪ್ಪ ಅಮ್ಮನ ಮುಖ ನೆನೆದು ನನಗೆ ಸಂಕಟವಾಯಿತು.

ದೇವರು, ಕಾಯಿಲೆ ಎರಡೂ ಕೂಡುವ ಜಾಗಕ್ಕೆ ಈಗ ಬರುತ್ತೇನೆ. ದೇವಸ್ಥಾನದ ಆನ್‌ಲೈನ್ ಸೇವೆಯ ಅರ್ಜಿ ಕಣ್ಣಿಗೆ ತಂದುಕೊಳ್ಳಿ. ಹೆಸರು, ಗೋತ್ರ, ನಕ್ಷತ್ರ, ರಾಶಿ, ಮೊಬೈಲ್ ಸಂಖ್ಯೆ, ಇಮೇಲ್, ವಿಳಾಸ. ಇಪ್ಪತ್ತೇಳು ನಕ್ಷತ್ರಕ್ಕೆ ನಾಲ್ಕು ನಾಲ್ಕು ಪಾದ, ಒಟ್ಟು 108. ಇಡೀ ಗ್ಲೆನ್ ವೇವರ್ಲಿಯನ್ನೇ ಸಾಲಾಗಿ ನಿಲ್ಲಿಸಿ ನಕ್ಷತ್ರ ಪಾದ ಕೇಳಿದರೆ 42,000 ಜನ ಒಂದೇ ಏಟಿಗೆ 389ಕ್ಕೆ ಇಳಿಯುತ್ತಾರೆ. ಅದರ ಮೇಲೆ ಗೋತ್ರ, ಅದರ ಮೇಲೆ ಹೆಸರಿನ ಮೊದಲ ಅಕ್ಷರ. ಉಳಿಯುವುದು ಒಬ್ಬರು. ಆ ಒಬ್ಬರು ಬರೆಸಿದ್ದು ಕುಕ್ಕೆಯ ಸರ್ಪಸಂಸ್ಕಾರವಾದರೆ, ಸಂತಾನಕ್ಕೋ ಚರ್ಮದ ಬಾಧೆಗೋ ಎಂದು ನಮ್ಮ ಕಡೆಯ ಯಾರಾದರೂ ಊಹಿಸಬಲ್ಲರು. ಗರ್ಭಗುಡಿಯ ಮುಂದೆ ಪುರೋಹಿತರು ಸಂಕಲ್ಪ ಹೇಳುವಾಗ ಯಾವ ಕಾಯಿಲೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಆಯುರಾರೋಗ್ಯ ಎಂಬ ಒಂದೇ ಮಾತಿನ ಕೆಳಗೆ ನೆಗಡಿಯೂ ಕ್ಯಾನ್ಸರೂ ಸಮನಾಗಿ ಅಡಗಿಕೊಳ್ಳುತ್ತಿದ್ದವು. ಹಿರಿಯರು ಕಟ್ಟಿಟ್ಟ ಎಷ್ಟು ದೊಡ್ಡ ಮರೆ ಅದು!

ಹೆಸರು ಅಳಿಸಿದರೆ ಸಾಕು ಎಂದು ಆಸ್ಟ್ರೇಲಿಯದ ಆರೋಗ್ಯ ಇಲಾಖೆಯೂ ಒಮ್ಮೆ ನಂಬಿತ್ತು. 2016ರಲ್ಲಿ ದೇಶದ ನೂರಕ್ಕೆ ಹತ್ತು ಜನರ ಚಿಕಿತ್ಸೆ, ಔಷಧದ ಬಿಲ್ಲುಗಳನ್ನು ಹೆಸರು ತೆಗೆದು ಎಲ್ಲರಿಗೂ ಕಾಣುವಂತೆ ಇಟ್ಟಿತು. ಸುಮಾರು ನೂರು ಕೋಟಿ ಸಾಲು. ಸೆಕೆಂಡಿಗೊಂದರಂತೆ ಓದಿದರೆ ಮೂವತ್ತೊಂದು ವರ್ಷ ಮೀರುತ್ತದೆ. ಆ ಸಾಗರದಲ್ಲೂ ಹೆರಿಗೆಯ ವರ್ಷ, ಶಸ್ತ್ರಚಿಕಿತ್ಸೆಯ ದಿನ ಇಂಥ ಎರಡು ಮೂರು ಸಂಗತಿ ಗೊತ್ತಿದ್ದರೆ ಇಂಥವರೇ ಎಂದು ಹಿಡಿಯಬಹುದೆಂದು ಮೆಲ್ಬರ್ನ್ ವಿಶ್ವವಿದ್ಯಾಲಯದ ಕ್ರಿಸ್ ಕಲ್ನೇನ್, ಬೆಂಜಮಿನ್ ರೂಬಿನ್‌ಸ್ಟೈನ್, ವನೆಸ್ಸಾ ಟೀಗ್ ತೋರಿಸಿಕೊಟ್ಟರು.

ಇದು ನಮ್ಮ ದೇವರಿಗೆ ಮಾತ್ರ ಬಂದ ಪಾಡಲ್ಲ. ನಮಾಜಿನ ಹೊತ್ತು, ಕಿಬ್ಲಾದ ದಿಕ್ಕು ತೋರಿಸುವ ಮುಸ್ಲಿಂ ಪ್ರೊ ಆ್ಯಪನ್ನು 9.8 ಕೋಟಿ ಸಲ ಇಳಿಸಿಕೊಳ್ಳಲಾಗಿತ್ತು. ಅದನ್ನು ಬಳಸುವವರು ಎಲ್ಲಿದ್ದಾರೆಂಬ ವಿವರ ಮಾಹಿತಿ ವ್ಯಾಪಾರಿಯೊಬ್ಬರ ಕೈಗೆ ಹೋಗುತ್ತಿತ್ತೆಂದು 2020ರ ನವೆಂಬರ್‌ನಲ್ಲಿ ವರದಿಯಾಯಿತು. ಕಂಪನಿ ಆ ನಂಟು ಕಡಿದುಕೊಂಡಿತು. ದಿನಕ್ಕೆ ಐದು ಸಲ ದೇವರ ಕಡೆ ತಿರುಗುವ ಜನರನ್ನು ಐದು ಸಲವೂ ಯಾರೋ ನೋಡುತ್ತಿದ್ದರು.

ಕೊನೆಯ ಲೆಕ್ಕ ಎಲ್ಲಕ್ಕಿಂತ ದೊಡ್ಡದು. ನಾವು ಒಂದು ಪುಟ ತೆರೆದಾಗ ನಮಗೆ ಯಾವ ಜಾಹೀರಾತು ತೋರಿಸಬೇಕೆಂದು ಕಣ್ಣು ಮಿಟುಕಿಸುವುದರೊಳಗೆ ಒಂದು ಹರಾಜು ನಡೆದಿರುತ್ತದೆ. ನಾವು ಯಾರು, ಎಲ್ಲಿದ್ದೇವೆ, ಏನು ಓದುತ್ತಿದ್ದೇವೆ ಎಂಬುದು ಕೂಗುವವರ ನಡುವೆ ಹರಿದಾಡುತ್ತದೆ. ಐರ್ಲೆಂಡಿನ ನಾಗರಿಕ ಸ್ವಾತಂತ್ರ್ಯ ಮಂಡಳಿ 2022ರಲ್ಲಿ ಎಣಿಸಿತು. ಅಮೆರಿಕದ ಒಬ್ಬ ಮನುಷ್ಯನ ವಿವರ ಹೀಗೆ ದಿನಕ್ಕೆ ಸರಾಸರಿ 747 ಸಲ ಹಂಚಿಕೆಯಾಗುತ್ತದೆ. ನೂರೆಂಟು ಮಣಿಯ ಏಳು ಜಪಮಾಲೆಗೆ ಒಂಬತ್ತೇ ಮಣಿ ಕಡಿಮೆ. ಏಳು ಸುತ್ತು ಜಪ ಮಾಡುವ ಭಕ್ತ ನಮ್ಮಲ್ಲಿ ಎಷ್ಟು ಜನರಿದ್ದಾರೆ? ನಮ್ಮ ಹೆಸರಿನ ಜಪ ಮಾತ್ರ ದಿನವೂ ತಪ್ಪದೆ ನಡೆಯುತ್ತದೆ. ಆ ಹರಾಜಿನಲ್ಲಿ ಬಳಕೆಯಲ್ಲಿದ್ದ ವರ್ಗೀಕರಣದ ಪಟ್ಟಿ ತೆರೆದು ನೋಡಿದೆ. ಆರೋಗ್ಯಕ್ಕೆ ನಲವತ್ತಕ್ಕೂ ಹೆಚ್ಚು ಕಪಾಟು: ಮಧುಮೇಹ, ಖಿನ್ನತೆ, ಬಂಜೆತನ, ಎಚ್‌ಐವಿ. ಅದೇ ಪಟ್ಟಿಯಲ್ಲಿ ಇನ್ನಷ್ಟು ಕೆಳಗೆ ಧರ್ಮದ ಕಪಾಟು, ಹಿಂದೂ ಧರ್ಮ ಅದರೊಳಗೊಂದು. ಅಮ್ಮನ ಮೇಜಿನ ಮೇಲಿದ್ದ ಆಂಜಿಯೋಗ್ರಾಂ ಮತ್ತು ಅವಳ ಹರಕೆ ಅಲ್ಲೂ ಒಂದೇ ಮನೆಯಲ್ಲಿದ್ದವು.

ಅಮೆರಿಕ, ಯುರೋಪ್ ಸೇರಿಸಿ ಆ ಮಂಡಳಿ ಹೇಳಿದ ಒಟ್ಟು ಸಂಖ್ಯೆ ವರ್ಷಕ್ಕೆ 178 ಲಕ್ಷ ಕೋಟಿ. ಸೆಕೆಂಡಿಗೆ 56 ಲಕ್ಷ. ಒಂದು ವರ್ಷದ್ದನ್ನು ಸೆಕೆಂಡಿಗೊಂದರಂತೆ ಬೆರಳು ಮಡಚಿ ಎಣಿಸಿದರೆ ಸುಮಾರು 56 ಲಕ್ಷ ವರ್ಷ. ನಮ್ಮ ಪುರಾಣದ ಚತುರ್ಯುಗ 43,20,000 ವರ್ಷ. ಕೃತಯುಗದ ಮೊದಲ ಬೆಳಿಗ್ಗೆ ಎಣಿಸಲು ಕೂತವನು ತ್ರೇತಾಯುಗ ದಾಟಿ, ದ್ವಾಪರ ದಾಟಿ, ಕಲಿಯುಗ ಮುಗಿದು ಪ್ರಳಯವಾದರೂ ಎಣಿಸುತ್ತಲೇ ಇರಬೇಕು. ಮುಂದಿನ ಕೃತಯುಗದಲ್ಲೂ ಹದಿಮೂರು ಲಕ್ಷ ವರ್ಷ ಕಳೆದ ಮೇಲೆ ಅವನ ಬೆರಳಿಗೆ ಬಿಡುವು.

ಅಪ್ಪನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮನೆಗೆ ಬಂದ ಹನ್ನೊಂದನೆಯ ದಿನ ಅಮ್ಮ ನಂಜನಗೂಡಿಗೆ ಹೋಗಿ ಹರಕೆ ತೀರಿಸಿದಳು. ಟಿಪ್ಪುವಿನ ಪಟ್ಟದಾನೆಯ ಕಣ್ಣು ಗುಣಪಡಿಸಿ ಹಕೀಮ ನಂಜುಂಡ ಎನಿಸಿಕೊಂಡ ದೇವರಿಗೆ ನಮ್ಮಪ್ಪನ ಮೂರು ರಕ್ತನಾಳ ಯಾವ ಲೆಕ್ಕ ಎಂದಳು. ಮರುದಿನ ಸಂಜೆ ಬಡಾವಣೆಯ ಈಶ್ವರನ ಗುಡಿಯಿಂದ ವಿಡಿಯೋ ಕರೆ ಮಾಡಿದಳು. ಲಿಂಗ ತೋರಿಸಿದಳು, ದೀಪ ತೋರಿಸಿದಳು, ಪೂಜಾರಿಗಳಿಂದ ನನಗೂ ಆಶೀರ್ವಾದ ಮಾಡಿಸಿದಳು. ಆಮೇಲೆ ನಂದಿಯ ಹತ್ತಿರ ಹೋಗಿ "ಒಂದ್ನಿಮಿಷ ಇರು ಕಣೇ" ಎಂದು ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.

ನನ್ನ ಪರದೆಯ 25,92,000 ಚುಕ್ಕಿಯೂ ಕಪ್ಪಾದವು. ಗಂಟೆಯ ಸದ್ದು ದೂರದಿಂದೆಂಬಂತೆ ಕೇಳಿಸಿತು. ಎಣಿಸಿದೆ, ನಲವತ್ತೊಂದು ಸೆಕೆಂಡು. ಜಿಪ್ ತೆಗೆದ ಸದ್ದಾಗಿ ಮತ್ತೆ ಅವಳ ಮುಖ ಬಂತು, ಹಣೆಯ ಮೇಲೆ ವಿಭೂತಿ.

"ನಂದಿ ಕಿವೀಲಿ ಏನಮ್ಮಾ ಹೇಳಿದ್ದು?"

"ಅದನ್ನೆಲ್ಲ ಹೇಳಬಾರದು. ಊಟ ಆಯ್ತಾ ನಿಂದು?"